ಆದಿಕಾಂಡದ ಆರು ದಿನ, ಗೊರೂರಿನ ಗ್ನೈಸ್ ಕಲ್ಲು: ಪಿಯುಸಿ ಮಕ್ಕಳ ಬೈಬಲ್ ತರಗತಿಯಲ್ಲಿ ಏನು ಹೇಳಬೇಕು?

ಯುವಜನಕೂಟ_ಹಾಸನ

ಎಲ್ಲರಿಗೂ ವಂದನೆ. ನಮ್ಮ ಸಭೆಯ (ಚರ್ಚಿನ) ಯುವಜನ ಕೂಟದಲ್ಲಿ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 1ರಿಂದ 11ನೇ ಅಧ್ಯಾಯದವರೆಗೆ ನಾಲ್ಕು ಭಾನುವಾರ ಪಾಠ ಇಟ್ಟುಕೊಂಡಿದ್ದೇವೆ, ಒಂದೊಂದೂ ಒಂದೂವರೆ ಗಂಟೆ. ಬರುವವರಲ್ಲಿ ಹೆಚ್ಚಿನವರು ಪಿಯುಸಿ ಸೈನ್ಸ್, ಕೆಲವರು ಬಿಎಸ್ಸಿ. ಭೂಮಿಗೆ 454 ಕೋಟಿ ವರ್ಷ ಅಂತ ಕಾಲೇಜಿನಲ್ಲಿ ಓದುತ್ತಾರೆ, 6,000 ವರ್ಷ ಅಂತ ಮನೆಯಲ್ಲಿ ಕೇಳುತ್ತಾರೆ. ಎರಡರಲ್ಲಿ ಒಂದನ್ನು ಕೈಬಿಡಲೇಬೇಕಾ ಅನ್ನುವುದು ಅವರ ಪ್ರಶ್ನೆ. "ವಿಜ್ಞಾನ ಬೇರೆ, ನಂಬಿಕೆ ಬೇರೆ" ಅಂದುಬಿಟ್ಟರೆ ಅವರಿಗೆ ಸಾಲುವುದಿಲ್ಲ. 6,000ದ ಲೆಕ್ಕ ಎಲ್ಲಿಂದ ಬಂತು, ಕಲ್ಲಿನ ವಯಸ್ಸನ್ನು ಹೇಗೆ ಅಳೆಯುತ್ತಾರೆ, ಯಾವ ವಾದ ಎಲ್ಲಿ ಕುಸಿಯುತ್ತದೆ, ಇಷ್ಟನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ವಂಶಾವಳಿ

ಬ್ರದರ್, ಮೊದಲ ಭಾನುವಾರ ಕಲ್ಲಿನ ಮಾತೇ ಎತ್ತಬೇಡಿ. 6,000 ಅನ್ನುವ ಸಂಖ್ಯೆ ಬೈಬಲಿನ ಯಾವ ವಚನದಲ್ಲೂ ಇಲ್ಲ, ಕೂಡಿ ತೆಗೆದದ್ದು. ಆ ಕೂಡುವ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ಆದಿಕಾಂಡ 5 ತೆರೆಸಿ. ಪ್ರತಿಯೊಬ್ಬನೂ ಎಷ್ಟನೇ ವಯಸ್ಸಿನಲ್ಲಿ ಮಗನನ್ನು ಪಡೆದ ಅನ್ನುವುದನ್ನಷ್ಟೇ ಬೋರ್ಡಿನ ಮೇಲೆ ಬರೆಯಿಸಿ. ಆದಾಮ 130, ಸೇತ 105, ಎನೋಷ 90, ಕೇನಾನ 70, ಮಹಲಲೇಲ 65, ಯೆರೆದ 162, ಹನೋಕ 65, ಮೆತೂಷೆಲಹ 187, ಲೆಮೆಕ 182. ಜಲಪ್ರಳಯದ ಹೊತ್ತಿಗೆ ನೋಹನಿಗೆ 600 (ಆದಿಕಾಂಡ 7:6). ಕೂಡಿದರೆ 1,656. ನಮ್ಮ ಕನ್ನಡ ಬೈಬಲಿನಲ್ಲಿರುವುದು ಈ ಸಂಖ್ಯೆಗಳೇ, ಮಸೋರೆಟಿಕ್ ಅನ್ನುವ ಹೀಬ್ರೂ ಪಾಠದಿಂದ (ಪಾಠ ಅಂದರೆ ಇಲ್ಲಿ ಪಠ್ಯದ ಒಂದು ರೂಪ) ಬಂದವು.

ಇನ್ನು ಪಕ್ಕದಲ್ಲಿ ಎರಡನೇ ಸಾಲು. ಕ್ರಿಸ್ತನಿಗೂ ಮೊದಲೇ ಆದ ಗ್ರೀಕ್ ಅನುವಾದ ಸೆಪ್ಟುವಜಿಂಟಿನಲ್ಲಿ ಆದಾಮ 230, ಸೇತ 205, ಎನೋಷ 190, ಕೇನಾನ 170, ಮಹಲಲೇಲ 165, ಯೆರೆದ 162, ಹನೋಕ 165, ಮೆತೂಷೆಲಹ 167, ಲೆಮೆಕ 188. ಒಟ್ಟು 2,242. ಮೂರನೆಯದು ಸಮಾರ್ಯದವರ ಪಂಚಗ್ರಂಥ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳ ಅವರ ಪ್ರತಿ. ಅದರಲ್ಲಿ ಯೆರೆದ 62, ಮೆತೂಷೆಲಹ 67, ಲೆಮೆಕ 53, ಉಳಿದದ್ದೆಲ್ಲ ನಮ್ಮ ಪಾಠದಂತೆಯೇ, ಒಟ್ಟು 1,307. ಅಂದರೆ ಆದಾಮನಿಂದ ಪ್ರಳಯದವರೆಗಿನ ಅವಧಿಯೇ ಮೂರು ಹಳೆಯ ಪಾಠಗಳಲ್ಲಿ ಮೂರು ಬಗೆ.

ಇಲ್ಲಿ ಮೆತೂಷೆಲಹನ ಲೆಕ್ಕ ಮಾಡಿಸಲು ಮರೆಯಬೇಡಿ, ಮಕ್ಕಳು ನೆಟ್ಟಗೆ ಕೂತು ಕೇಳುವ ಜಾಗ ಅದು. ಅವನು ಬದುಕಿದ್ದು 969 ವರ್ಷ. ಹೀಬ್ರೂ ಪಾಠದಂತೆ 187 + 182 + 600 = 969, ಪ್ರಳಯದ ವರ್ಷವೇ ಸತ್ತ ಎಂದಾಯಿತು. ಗ್ರೀಕ್ ಪಾಠದಂತೆ 167 + 188 + 600 = 955. ಹಾಗಾದರೆ ಪ್ರಳಯ ಮುಗಿದು 14 ವರ್ಷ ಬದುಕಿದ್ದ, ನಾವೆಯೊಳಗೆ ಮಾತ್ರ ಇರಲಿಲ್ಲ! ಈ ತೊಡಕು ಹಳೆಯ ಕಾಲದವರ ಕಣ್ಣಿಗೂ ಬಿದ್ದಿತ್ತು, ಸಂತ ಅಗಸ್ಟೀನನೇ ಇದನ್ನು ಚರ್ಚಿಸಿದ್ದಾನೆ. ಗ್ರೀಕ್ ಹಸ್ತಪ್ರತಿಗಳಲ್ಲಿ ಕೆಲವು 167ನ್ನು 187 ಎಂದು ಬರೆದುಕೊಂಡಿವೆ. ಸಮಾರ್ಯದ ಪಾಠದಲ್ಲಿ ಯೆರೆದ, ಮೆತೂಷೆಲಹ, ಲೆಮೆಕ ಮೂವರೂ ಪ್ರಳಯದ ವರ್ಷವೇ ತೀರಿಕೊಳ್ಳುತ್ತಾರೆ.

ಇದಾದ ಮೇಲೆ ಅಷರ್ ಹೆಸರು ಹೇಳಿ. ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಹೀಬ್ರೂ ಪಾಠವನ್ನೇ ಹಿಡಿದು, ಬಾಬಿಲೋನ್, ಪರ್ಷಿಯಾ ರಾಜರ ಕಾಲಗಣನೆಗೆ ಹೊಂದಿಸಿ, ಸೃಷ್ಟಿ ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಆಯಿತು ಎಂದು ತೀರ್ಮಾನಿಸಿದರು. ತಮ್ಮ ಕಾಲಕ್ಕೆ ಅವರು ದೊಡ್ಡ ವಿದ್ವಾಂಸರು, ಹಗುರವಾಗಿ ಮಾತಾಡಬೇಡಿ. ಮುಂದೆ 18ನೇ ಶತಮಾನದ ಆರಂಭದಿಂದ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಈ ಇಸವಿಗಳು ಅಚ್ಚಾಗತೊಡಗಿದವು. ಅಂಚಿನಲ್ಲಿದ್ದದ್ದನ್ನು ಜನ ವಚನದಂತೆಯೇ ಓದಿಕೊಂಡರು.

ಸಿಸ್ಟರ್_ಚಿಕ್ಕಮಗಳೂರು

ವಂಶಾವಳಿಯಲ್ಲಿ ತಲೆಮಾರುಗಳು ಬಿಟ್ಟುಹೋಗಿವೆ ಅಂತಾರಲ್ಲ, ಅದಕ್ಕೆ ಬೈಬಲಿನೊಳಗೇ ಆಧಾರ ಇದೆಯಾ?

ವಂಶಾವಳಿ

ಇದೆ ಸಿಸ್ಟರ್. ಮತ್ತಾಯ 1:8ರಲ್ಲಿ ಯೋರಾಮನ ಮಗ ಉಜ್ಜೀಯ ಎಂದಿದೆ. 1 ಪೂರ್ವಕಾಲವೃತ್ತಾಂತ 3:11-12 ನೋಡಿದರೆ ಇಬ್ಬರ ನಡುವೆ ಅಹಜ್ಯ, ಯೋವಾಷ, ಅಮಚ್ಯ ಮೂವರು ರಾಜರಿದ್ದಾರೆ. (ಅಲ್ಲಿ ಉಜ್ಜೀಯನ ಹೆಸರು ಅಜರ್ಯ ಎಂದಿದೆ, ಒಬ್ಬನೇ.) ಹದಿನಾಲ್ಕು ಹದಿನಾಲ್ಕು ತಲೆಮಾರಿನ ಜೋಡಣೆಗಾಗಿ ಮತ್ತಾಯ ಅವರನ್ನು ಬಿಟ್ಟಿದ್ದಾನೆ. ಎಜ್ರ 7:3ರಲ್ಲಿಯೂ 1 ಪೂರ್ವಕಾಲವೃತ್ತಾಂತ 6ಕ್ಕೆ ಹೋಲಿಸಿದರೆ ಆರು ಹೆಸರು ಕಡಿಮೆ. ಲೂಕ 3:36ರಲ್ಲಿ ಬರುವ ಕಾಯಿನಾನ ಹೀಬ್ರೂ ಆದಿಕಾಂಡ 11ರಲ್ಲಿ ಇಲ್ಲವೇ ಇಲ್ಲ, ಗ್ರೀಕ್ ಪಾಠದಲ್ಲಿದ್ದಾನೆ. ಪ್ರಿನ್ಸ್‌ಟನ್ನಿನ ಹೀಬ್ರೂ ಪ್ರಾಧ್ಯಾಪಕ ವಿಲಿಯಂ ಹೆನ್ರಿ ಗ್ರೀನ್ ಇವನ್ನೆಲ್ಲ ಸೇರಿಸಿ, ವಂಶಾವಳಿಯನ್ನು ಕ್ಯಾಲೆಂಡರ್ ಮಾಡಿಕೊಳ್ಳಲಾಗದು ಎಂದು 1890ರಲ್ಲೇ ಬರೆದರು. ಬೈಬಲಿನಲ್ಲಿ ದೋಷವಿಲ್ಲ ಎಂದು ಗಟ್ಟಿಯಾಗಿ ನಂಬಿದ್ದ ಪಂಡಿತರು ಅವರು.

ಆದರೆ ಈ ಬಿಟ್ಟ ತಲೆಮಾರುಗಳನ್ನು ಹಿಗ್ಗಿಸಿ 454 ಕೋಟಿಗೆ ಮುಟ್ಟಿಸಲು ಹೋಗಬಾರದು. ಎಷ್ಟು ಹಿಗ್ಗಿಸಿದರೂ ಅದು ಮನುಷ್ಯರ ವಂಶದ ಮಾತು. ಭೂಮಿಯ ವಯಸ್ಸಿನ ಪ್ರಶ್ನೆ ಇರುವುದು ಮೊದಲ ಅಧ್ಯಾಯದಲ್ಲಿ, ಐದನೆಯದರಲ್ಲಿ ಅಲ್ಲ. ಎರಡನ್ನೂ ಕಲಸಿಬಿಟ್ಟರೆ ಬುದ್ಧಿವಂತ ಮಕ್ಕಳು ಎರಡನೇ ವಾರವೇ ಹಿಡಿಯುತ್ತಾರೆ.

ಅಷ್ಟು ದೀರ್ಘ ಆಯುಸ್ಸು ಯಾಕೆ ಎಂದು ಕೇಳಿದರೆ ಸುಮೇರಿಯದ ರಾಜರ ಪಟ್ಟಿ ತೋರಿಸಿ. ಪ್ರಳಯಕ್ಕೆ ಮುಂಚೆ ಎಂಟು ರಾಜರು 2,41,200 ವರ್ಷ ಆಳಿದರು ಎಂದು ಆ ಜೇಡಿಮಣ್ಣಿನ ಬರಹ ಹೇಳುತ್ತದೆ. ಪ್ರಳಯಕ್ಕೆ ಹಿಂದಿನ ಹಿರಿಯರಿಗೆ ದೊಡ್ಡ ಸಂಖ್ಯೆ ಕೊಡುವುದು ಆ ನಾಡಿನ ಬರವಣಿಗೆಯ ರೂಢಿ. ಹನೋಕನಿಗೆ 365, ಲೆಮೆಕನಿಗೆ 777 ಎಂದಿರುವಾಗ ಸಂಖ್ಯೆಗಳಿಗೆ ವಯಸ್ಸಿನಾಚೆಯ ಅರ್ಥವೂ ಇದ್ದಿರಬಹುದು. ಅದು ಊಹೆ, ಊಹೆ ಎಂದೇ ಹೇಳಿ.

ಶಿಲಾಪುಟ

ಕಲ್ಲಿನ ಭಾಗ ನಾನು ಬರೆಯುತ್ತೇನೆ. ನೀವು ಹಾಸನದವರಾದ್ದರಿಂದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಗೊರೂರಿನ ಸುತ್ತಮುತ್ತಲ ಗ್ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು ಭಾರತದ ಅತಿ ಹಳೆಯ ಕಲ್ಲುಗಳ ಸಾಲಿನಲ್ಲಿದೆ, ಸುಮಾರು 330 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು, ಸುಮಾರು 300 ಕೋಟಿ ವರ್ಷದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿ ಫಲಕ ಹಾಕಿದೆ.

ಅಳೆಯುವುದು ಹೀಗೆ. ಕೆಲವು ಕಿಲೋ ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು, ನೀರಿನಲ್ಲಿ ತೊಳೆದು ಹಗುರ ಪುಡಿಯನ್ನು ಹೋಗಿಸುತ್ತಾರೆ. ಉಳಿದದ್ದನ್ನು ಸಾಂದ್ರತೆ 3.3ರ ಆಸುಪಾಸಿನ ಭಾರದ ದ್ರವಕ್ಕೆ ಹಾಕುತ್ತಾರೆ. ಬೆಣಚು (2.65) ತೇಲುತ್ತದೆ, ವಯಸ್ಸು ಅಳೆಯಲು ಬೇಕಾದ ಜಿರ್ಕಾನ್ ಎಂಬ ಖನಿಜ (ಸುಮಾರು 4.6) ಮುಳುಗುತ್ತದೆ. ಅಯಸ್ಕಾಂತಕ್ಕೆ ಅಂಟುವ ಖನಿಜಗಳನ್ನು ಬೇರೆ ಮಾಡಿ, ಕೊನೆಗೆ ಸೂಕ್ಷ್ಮದರ್ಶಕದಡಿ ಒಂದೊಂದೇ ಹರಳನ್ನು ಕೈಯಿಂದ ಆರಿಸುತ್ತಾರೆ. ಹರಳಿನ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ರಾಳದಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ, ಒಳಗಿನ ಬೆಳವಣಿಗೆಯ ಪಟ್ಟೆಗಳ ಚಿತ್ರ ತೆಗೆದು, ಎಲ್ಲಿ ಅಳೆಯಬೇಕು ಎಂದು ನಿರ್ಧರಿಸಿ, 20-30 ಮೈಕ್ರಾನ್ ಅಗಲದ ಒಂದು ಚುಕ್ಕೆಯಲ್ಲಿ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ನೋಡುತ್ತಾರೆ.

ಜಿರ್ಕಾನೇ ಯಾಕೆ? ಹರಳುಗಟ್ಟುವಾಗ ಜಿರ್ಕೋನಿಯಂ ಜಾಗದಲ್ಲಿ ಯುರೇನಿಯಂ ಸಲೀಸಾಗಿ ಕೂರುತ್ತದೆ, ಎರಡಕ್ಕೂ ವಿದ್ಯುದಂಶ ನಾಲ್ಕು, ಗಾತ್ರವೂ ಹತ್ತಿರ. ಸೀಸದ ಅಯಾನು ದೊಡ್ಡದು, ವಿದ್ಯುದಂಶ ಎರಡು, ಒಳಗೆ ಜಾಗ ಸಿಗುವುದಿಲ್ಲ. ಹಾಗಾಗಿ ಇಂದು ಹರಳಿನೊಳಗಿರುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದೇ. "ಆರಂಭದಲ್ಲಿ ಎಷ್ಟು ಸೀಸ ಇತ್ತೆಂದು ನಿಮಗೇನು ಗೊತ್ತು" ಅನ್ನುವ ಸಾಮಾನ್ಯ ಆಕ್ಷೇಪಕ್ಕೆ ಉತ್ತರ ಈ ರಸಾಯನಶಾಸ್ತ್ರದಲ್ಲಿದೆ.

ಎರಡನೇ ಪಿಯುಸಿಯವರು ಮೊದಲ ದರ್ಜೆಯ ಕ್ರಿಯೆಯ ಲೆಕ್ಕ ಮಾಡಿರುತ್ತಾರೆ, ಅದೇ ಸೂತ್ರ. t = (1/λ) ln(1 + D/P). ಇಲ್ಲಿ t ವಯಸ್ಸು, D ಈಗಿರುವ ಸೀಸ, P ಉಳಿದಿರುವ ಯುರೇನಿಯಂ, λ ವರ್ಷಕ್ಕಿಷ್ಟು ಎಂಬ ಕ್ಷಯದ ವೇಗ. ಯುರೇನಿಯಂ-238ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, λ = 1.551 × 10⁻¹⁰. ಅದು ಸೀಸ-206 ಆಗುತ್ತದೆ. ಸೀಸ-206/ಯುರೇನಿಯಂ-238 ಅನುಪಾತ 0.593 ಎಂದು ಕೊಡಿ, ಉತ್ತರ 300 ಕೋಟಿ ಬರಬೇಕು. ಅದೇ ಹರಳಿನಲ್ಲಿ ಎರಡನೇ ಗಡಿಯಾರವೂ ಇದೆ. ಯುರೇನಿಯಂ-235ರ ಅರ್ಧಾಯು 70.4 ಕೋಟಿ, λ = 9.85 × 10⁻¹⁰, ಅದು ಆಗುವುದು ಸೀಸ-207. ಅನುಪಾತ 18.19 ಎಂದು ಕೊಡಿ, ಮತ್ತೆ 300 ಕೋಟಿ. ಬೇರೆ ಬೇರೆ ವೇಗದ ಎರಡು ಗಡಿಯಾರ ಒಂದೇ ಹೊತ್ತು ತೋರಿಸುತ್ತಿವೆ. ಕಲ್ಲಿಗೆ 6,000 ವರ್ಷ ಆಗಿದ್ದರೆ ಮೊದಲ ಅನುಪಾತ 0.00000093 ಇರಬೇಕಿತ್ತು. ಸುಮಾರು ಆರು ಲಕ್ಷ ಪಟ್ಟು ವ್ಯತ್ಯಾಸ. ಇದನ್ನು ಅಳತೆಯ ತಪ್ಪು ಎಂದು ತಳ್ಳಿಹಾಕಲಾಗದು.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಿಬಿಡಿ. ಯುರೇನಿಯಂ ಹೆಚ್ಚಿರುವ ಹರಳನ್ನು ಅದರದೇ ವಿಕಿರಣ ಒಳಗಿನಿಂದ ಜರ್ಜರ ಮಾಡುತ್ತದೆ, ಬಿರುಕುಗಳಿಂದ ಸೀಸ ಸೋರುತ್ತದೆ. ಆಗ ಎರಡು ಗಡಿಯಾರ ಎರಡು ವಯಸ್ಸು ಕೊಡುತ್ತವೆ, ಸೋರಿಕೆ ಬಯಲಾಗುವುದೇ ಹಾಗೆ. ಇನ್ನೊಂದು ತೊಡಕು, ಹಳೆಯ ಹರಳಿನ ಸುತ್ತ ಹೊಸ ಪದರ ಬೆಳೆದಿರುತ್ತದೆ. ಚುಕ್ಕೆ ಎರಡರ ಮೇಲೂ ಬಿದ್ದರೆ ಯಾವುದಕ್ಕೂ ಸೇರದ ನಡುವಿನ ವಯಸ್ಸು ಸಿಗುತ್ತದೆ. ಮೊದಲೇ ಚಿತ್ರ ತೆಗೆಯುವುದು ಈ ಕಾರಣಕ್ಕೆ.

ಬೆರೋಯದ_ಓದುಗ

ಸರ್, ವಿವರಕ್ಕೆ ವಂದನೆ. ನಾನು ಆರು ದಿನ ಅಂದರೆ ಆರು ದಿನವೇ ಎಂದು ನಂಬುವವನು. ಮೂರು ಪ್ರಶ್ನೆ ಇದೆ. ಕ್ಷಯದ ವೇಗ ಹಿಂದೆಯೂ ಇಷ್ಟೇ ಇತ್ತು ಅನ್ನುವುದಕ್ಕೆ ಸಾಕ್ಷಿ ಏನು? ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯಲ್ಲಿ 1980ರ ಸ್ಫೋಟದ ನಂತರ ಉಂಟಾದ ಕಲ್ಲಿಗೆ ಲಕ್ಷಗಟ್ಟಲೆ ವರ್ಷದ ವಯಸ್ಸು ಬಂತಲ್ಲ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಿಮೋಚನಕಾಂಡ 20:11ರಲ್ಲಿ ಕರ್ತನೇ ಆರು ದಿನದಲ್ಲಿ ಉಂಟುಮಾಡಿದೆನೆಂದು ಸಬ್ಬತ್ತಿಗೆ (ವಾರದ ವಿಶ್ರಾಂತಿ ದಿನಕ್ಕೆ) ಕಾರಣ ಕೊಡುತ್ತಾನೆ. ದಿನ ದಿನವಲ್ಲದಿದ್ದರೆ ಆಜ್ಞೆಗೆ ಬುಡ ಎಲ್ಲಿ?

ಶಿಲಾಪುಟ

ಮೊದಲೆರಡು ಪ್ರಶ್ನೆ ನನ್ನದು, ಮೂರನೆಯದನ್ನು ಬಲ್ಲವರು ಹೇಳಲಿ.

ವೇಗ ಬದಲಾಗಿಲ್ಲ ಎಂಬುದನ್ನು ಹಳೆಯ ಕಾಲದಲ್ಲೇ ಹೋಗಿ ನೋಡಬಹುದು. 1987ರ ಫೆಬ್ರವರಿಯಲ್ಲಿ ಕಂಡ ಸೂಪರ್‌ನೋವಾ ನಮ್ಮಿಂದ ಸುಮಾರು 1,68,000 ಜ್ಯೋತಿರ್ವರ್ಷ ದೂರದ್ದು. ಅದರ ಬೆಳಕು ಕುಂದಿದ್ದು ಕೋಬಾಲ್ಟ್-56ರ 77 ದಿನದ ಅರ್ಧಾಯುವಿಗೆ ಸರಿಯಾಗಿ. ಪ್ರಯೋಗಾಲಯದಲ್ಲಿ ಇಂದು ಅಳೆಯುವ ಸಂಖ್ಯೆಯೂ ಅದೇ. ಆಫ್ರಿಕಾದ ಗ್ಯಾಬನ್ ದೇಶದ ಓಕ್ಲೋ ಯುರೇನಿಯಂ ಗಣಿಯಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ತಾನಾಗಿಯೇ ಪರಮಾಣು ಕ್ರಿಯೆ ನಡೆದಿತ್ತು. ಅದು ಬಿಟ್ಟುಹೋದ ಧಾತುಗಳ ಪ್ರಮಾಣವೂ ಇಂದಿನ ನಿಯಮಗಳಿಗೇ ಹೊಂದುತ್ತದೆ. ಜೊತೆಗೆ, ಕೋಟ್ಯಂತರ ವರ್ಷದ ಕ್ಷಯ ಪ್ರಳಯದ ಒಂದು ವರ್ಷದಲ್ಲಿ ನಡೆಯಿತು ಎಂದರೆ ಅಷ್ಟೂ ಶಾಖ ಆ ಒಂದೇ ವರ್ಷದಲ್ಲಿ ಹೊರಬೀಳಬೇಕು, ಭೂಮಿಯ ಹೊರಪದರವೇ ಕರಗುತ್ತದೆ, ನೋಹನ ನಾವೆಗೆ ನೀರೇ ಇರುವುದಿಲ್ಲ. 1997ರಿಂದ 2005ರವರೆಗೆ ಈ ವಿಷಯದ ಮೇಲೆ ಕೆಲಸ ಮಾಡಿದ್ದು ಅಮೆರಿಕದ ಯುವ ಭೂಮಿ ಪಕ್ಷದ, ಅಂದರೆ ಭೂಮಿಗೆ ಕೆಲವೇ ಸಾವಿರ ವರ್ಷ ಎನ್ನುವ ವಿಜ್ಞಾನಿಗಳ ತಂಡವೇ. ಶಾಖದ ಸಮಸ್ಯೆ ಬಗೆಹರಿದಿಲ್ಲ ಎಂದು ಆ ತಂಡ ಬರೆದುಕೊಟ್ಟಿದೆ. ಅವರ ಆ ಪ್ರಾಮಾಣಿಕತೆಯನ್ನು ತರಗತಿಯಲ್ಲಿ ಹೇಳಿ.

ಸೇಂಟ್ ಹೆಲೆನ್ಸ್ ವಿಷಯ. ಅಲ್ಲಿ ಬಳಸಿದ್ದು ಪೊಟ್ಯಾಸಿಯಂ-ಆರ್ಗಾನ್ ವಿಧಾನ, ಅರ್ಧಾಯು 125 ಕೋಟಿ ವರ್ಷ. ಹತ್ತು ವರ್ಷದ ಕಲ್ಲಿನಲ್ಲಿ ಹುಟ್ಟುವ ಆರ್ಗಾನ್ ಅಳೆಯಲಾಗದಷ್ಟು ಕಡಿಮೆ. ಶಿಲಾರಸ ತನ್ನೊಳಗೆ ಹೊತ್ತು ತಂದ ಹಳೆಯ ಹರಳುಗಳಲ್ಲಿ ಸಿಕ್ಕಿಕೊಂಡ ಆರ್ಗಾನ್ ಒಂದಿಷ್ಟಿದ್ದರೂ ಲಕ್ಷಗಟ್ಟಲೆ ವರ್ಷ ತೋರಿಸುತ್ತದೆ. 330 ಕೋಟಿ ವರ್ಷದ ಕಲ್ಲಿನಲ್ಲಿ ಅದೇ ಒಂದು ಲಕ್ಷ ವರ್ಷದ ಹೆಚ್ಚುವರಿ ಲೆಕ್ಕಕ್ಕೇ ಬರುವುದಿಲ್ಲ. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಚಿನ್ನದ ಉಂಗುರ ತೂಗಿದಂತೆ. ಕಾರ್ಬನ್-14 ಕುರಿತ ದೂರುಗಳೂ ಹೀಗೆಯೇ. ಅರ್ಧಾಯು 5,730 ವರ್ಷ, 50,000 ವರ್ಷದಾಚೆ ಅದು ಕೆಲಸಕ್ಕೆ ಬಾರದು. ಸುಣ್ಣಕಲ್ಲಿನ ನೀರಿನಲ್ಲಿ ಬದುಕಿರುವ ಬಸವನಹುಳುವಿನ ಚಿಪ್ಪಿಗೂ ಅದು ಸಾವಿರಾರು ವರ್ಷ ತೋರಿಸುತ್ತದೆ, ಏಕೆಂದರೆ ಚಿಪ್ಪಿನ ಇಂಗಾಲ ಬಂದದ್ದು ಹಳೆಯ ಕಲ್ಲಿನಿಂದ.

ಭೌತಶಾಸ್ತ್ರದ ಸೂತ್ರ ಬೇಡ, ಬರೀ ಎಣಿಸಿ ತೋರಿಸಿ ಅನ್ನುವವರಿಗೆ ಜಪಾನಿನ ಸುಯ್ಗೆತ್ಸು ಕೆರೆ ಇದೆ. ತಳದ ಕೆಸರಿನಲ್ಲಿ ವರ್ಷಕ್ಕೊಂದು ಜೊತೆ ಪದರ, ತಿಳಿ ಬಣ್ಣದ ಪಾಚಿಯದೊಂದು, ಗಾಢ ಜೇಡಿಯದೊಂದು. ಹತ್ತಾರು ಸಾವಿರ ವರ್ಷ ಹಿಂದಕ್ಕೆ ಎಣಿಸಬಹುದು. ಪದರಗಳ ನಡುವೆ ಸಿಕ್ಕಿಕೊಂಡ ಎಲೆಗಳಿಗೆ ಕಾರ್ಬನ್-14 ಅಳೆದಿದ್ದಾರೆ. 40,000ನೇ ವರ್ಷದ ಹತ್ತಿರದ ಎಲೆಯಲ್ಲಿ ಉಳಿದಿರುವುದು ಶೇ. 1ರ ಆಸುಪಾಸು ಮಾತ್ರ. ಎಣಿಕೆ ತಪ್ಪಾಗಿದ್ದರೆ ಕ್ಷಯದ ಲೆಕ್ಕವೂ ಅಷ್ಟೇ ಪ್ರಮಾಣದಲ್ಲಿ, ಅದೇ ದಿಕ್ಕಿನಲ್ಲಿ ತಪ್ಪಾಗಿರಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಿಷಯ ಹಾಗೆ ಒಟ್ಟಿಗೆ ತಪ್ಪಲು ಕಾರಣ ಬೇಕಲ್ಲ.

ಕಡಲತಡಿ_ಉಡುಪಿ

ಸಬ್ಬತ್ತಿನ ಪ್ರಶ್ನೆಗೆ ನನ್ನ ಉತ್ತರ. ಬ್ರದರ್, ಧರ್ಮೋಪದೇಶಕಾಂಡ 5:15 ಜೊತೆಗಿಟ್ಟು ಓದಿ. ಅವೇ ಹತ್ತು ಆಜ್ಞೆಗಳು, ಅದೇ ಸಬ್ಬತ್ತು, ಆದರೆ ಅಲ್ಲಿ ಕೊಟ್ಟ ಕಾರಣ ಬೇರೆ. ಐಗುಪ್ತದಲ್ಲಿ ದಾಸನಾಗಿದ್ದೆ, ಕರ್ತನು ಬಿಡಿಸಿ ತಂದನು, ಆದ್ದರಿಂದ ನಿನ್ನ ಆಳುಗಳಿಗೂ ವಿಶ್ರಾಂತಿ ಇರಲಿ ಎಂದು. ಆಜ್ಞೆಯ ಬುಡ ಗಂಟೆಗಳ ಎಣಿಕೆಯಲ್ಲಿಲ್ಲ, ಕೆಲಸ ಮುಗಿಸಿ ವಿಶ್ರಮಿಸುವ ದೇವರ ಮಾದರಿಯಲ್ಲಿದೆ. ಆದಿಕಾಂಡದಲ್ಲಿ ಆರು ದಿನಕ್ಕೂ "ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು" ಎಂಬ ಮುಕ್ತಾಯವಿದೆ, ಏಳನೆಯದಕ್ಕೆ ಇಲ್ಲ. ಇಬ್ರಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಆ ವಿಶ್ರಾಂತಿ ಇನ್ನೂ ತೆರೆದೇ ಇದೆ ಎಂದು ಹೇಳುತ್ತದೆ.

ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ. ಸೂರ್ಯನಿಲ್ಲದೆ ಸಾಯಂಕಾಲ ಎಂಥದ್ದು ಎಂದು ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಓರಿಗನ್ ಕೇಳಿದ್ದ. ಅಗಸ್ಟೀನ (354-430) ಎಲ್ಲವೂ ಏಕಕಾಲಕ್ಕೆ ಸೃಷ್ಟಿಯಾಯಿತು, ದಿನಗಳು ನಮ್ಮ ಗ್ರಹಿಕೆಗಾಗಿ ಬಂದ ಕ್ರಮ ಎಂದ. ಭೂಮಿ, ಆಕಾಶ, ನಕ್ಷತ್ರಗಳ ವಿಷಯದಲ್ಲಿ ತಿಳಿದವರ ಮುಂದೆ ಕ್ರೈಸ್ತನೊಬ್ಬ ಬೈಬಲಿನ ಹೆಸರಲ್ಲಿ ಅಸಂಬದ್ಧ ಮಾತಾಡಿದರೆ, ಅವರು ಪುನರುತ್ಥಾನದ ಮಾತನ್ನು ತಾನೆ ಹೇಗೆ ನಂಬಿಯಾರು ಎಂದು ಎಚ್ಚರಿಸಿದ. ಡಾರ್ವಿನ್‌ಗೆ 1,400 ವರ್ಷ ಮುಂಚಿನ ಮಾತುಗಳಿವು, ವಿಜ್ಞಾನಕ್ಕೆ ಹೆದರಿ ಹುಟ್ಟಿದ ಸಮಜಾಯಿಷಿಗಳಲ್ಲ. ಪ್ರೊಟೆಸ್ಟೆಂಟ್ ಸಭೆಯಾದ್ದರಿಂದ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ನನ ಹೆಸರು ಹೆಚ್ಚು ನಾಟಬಹುದು. "ಎರಡು ದೊಡ್ಡ ಬೆಳಕುಗಳು" ಎಂಬಲ್ಲಿ ಅವನು 1554ರಲ್ಲಿ ಬರೆದದ್ದು ಇಷ್ಟು: ಶನಿಗ್ರಹ ಚಂದ್ರನಿಗಿಂತ ದೊಡ್ಡದೆಂದು ಖಗೋಳಜ್ಞರು ಸಾಧಿಸುತ್ತಾರೆ, ಅದು ನಿಜವೇ, ಮೋಶೆ ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ ಬರೆದ, ಖಗೋಳ ಕಲಿಯಬೇಕಾದವರು ಬೇರೆಡೆ ಹೋಗಲಿ.

ಕಥೊಲಿಕ ಸಭೆಯ ನಿಲುವು ಚುಟುಕಾಗಿ: ಮಾನವ ದೇಹದ ವಿಕಾಸದ ಬಗ್ಗೆ ಸಂಶೋಧನೆ, ಚರ್ಚೆ ನಡೆಯಬಹುದೆಂದು ಹನ್ನೆರಡನೇ ಪಿಯುಸ್ ಜಗದ್ಗುರು (ಪೋಪ್) 1950ರಲ್ಲಿ ಹೇಳಿದರು, ಆತ್ಮ ಮಾತ್ರ ದೇವರ ನೇರ ಸೃಷ್ಟಿ. ವಿಕಾಸವಾದ ಕೇವಲ ಊಹೆಗಿಂತ ಹೆಚ್ಚಿನದು ಎಂದು ಎರಡನೇ ಜಾನ್ ಪಾಲ್ 1996ರಲ್ಲಿ ಹೇಳಿದರು.

ಯುವಜನಕೂಟ_ಹಾಸನ

ನಮ್ಮಲ್ಲಿ ಕೆಲವು ಹಿರಿಯರು ಒಂದು ದಿನ ಅಂದರೆ ಒಂದು ಯುಗ ಅಂತ ಹೇಳಿ ವಿಜ್ಞಾನದ ಜೊತೆ ಸರಿಹೊಂದಿಸುತ್ತಾರೆ. ದೇವರಿಗೆ ಸಾವಿರ ವರ್ಷ ಒಂದು ದಿನದಂತೆ ಅನ್ನುವ 2 ಪೇತ್ರ 3:8, ಕೀರ್ತನೆ 90:4 ಆಧಾರ. ಸುಲಭ ದಾರಿ ಅನಿಸುತ್ತದೆ. ತೊಂದರೆ ಇದೆಯಾ?

ವಂಶಾವಳಿ

ಇದೆ. ದಿನವನ್ನು ಹಿಗ್ಗಿಸಿದರೆ ಉದ್ದ ಸರಿಹೋದೀತು, ಅನುಕ್ರಮ ಸರಿಹೋಗುವುದಿಲ್ಲ. ಮೂರನೇ ದಿನ ಹಣ್ಣಿನ ಮರ, ನಾಲ್ಕನೇ ದಿನ ಸೂರ್ಯ, ಐದನೇ ದಿನ ಮೀನು ಮತ್ತು ಪಕ್ಷಿ, ಆರನೇ ದಿನ ನೆಲದ ಪ್ರಾಣಿ. ಪಳೆಯುಳಿಕೆಯಲ್ಲಿ ಮೀನು ಸುಮಾರು 50 ಕೋಟಿ ವರ್ಷದ ಹಿಂದೆ, ನೆಲದ ಸರೀಸೃಪ ಸುಮಾರು 31 ಕೋಟಿ, ಪಕ್ಷಿ ಸುಮಾರು 15 ಕೋಟಿ, ಹೂಬಿಡುವ ಗಿಡ ಸುಮಾರು 13 ಕೋಟಿ. ಹಣ್ಣಿನ ಮರ ಕಟ್ಟಕಡೆಗೆ ಬರುತ್ತದೆ. ಜೀವಶಾಸ್ತ್ರ ಓದಿದ ಹುಡುಗಿ ಒಬ್ಬಳೇ ಸಾಕು ಈ ಹೊಂದಾಣಿಕೆ ಬಿಚ್ಚಲು. ಆಗ ಅವಳಿಗೆ ಬಿಚ್ಚಿಕೊಂಡದ್ದು ಹೊಂದಾಣಿಕೆ ಅನಿಸುವುದಿಲ್ಲ, ಬೈಬಲೇ ಅನಿಸುತ್ತದೆ. ಪೇತ್ರನ ವಚನವೂ ದೇವರ ದೀರ್ಘಶಾಂತಿಯ ಮಾತು, ಪರಿವರ್ತನೆಯ ಪಟ್ಟಿಯಲ್ಲ.

ಬದಲಿಗೆ ಅಧ್ಯಾಯ ತಾನೇ ಹೇಗೆ ಕಟ್ಟಿಕೊಂಡಿದೆ ನೋಡಿ. ಮೊದಲ ಮೂರು ದಿನ ಜಾಗ ಸಿದ್ಧ: ಬೆಳಕು-ಕತ್ತಲೆ, ಮೇಲಿನ ನೀರು-ಕೆಳಗಿನ ನೀರು, ಒಣನೆಲ. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಆ ಜಾಗ ತುಂಬುತ್ತದೆ: ಸೂರ್ಯ-ಚಂದ್ರ, ಪಕ್ಷಿ-ಮೀನು, ಪ್ರಾಣಿ-ಮನುಷ್ಯ. ಬೋರ್ಡಿನಲ್ಲಿ ಎರಡು ಸಾಲು ಎದುರುಬದುರು ಬರೆದರೆ ಹತ್ತು ನಿಮಿಷದಲ್ಲಿ ಕಾಣುತ್ತದೆ. ಬಾಬಿಲೋನಿನವರು ಸೂರ್ಯ ಚಂದ್ರರನ್ನು ದೇವರೆಂದು ಪೂಜಿಸುತ್ತಿದ್ದರು. ಇಲ್ಲಿ ಅವು ನಾಲ್ಕನೇ ದಿನ ತೂಗುಹಾಕಿದ ದೀಪಗಳು, ಹೆಸರೂ ಇಲ್ಲ. ಅಂದಿನ ಓದುಗನ ಎದೆಗೆ ತಾಗಿದ್ದು ಆ ಮಾತು. ಅದನ್ನು ಬಿಟ್ಟು ವಯಸ್ಸು ಹುಡುಕುವುದು ಪಠ್ಯಕ್ಕೇ ಮಾಡುವ ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ.

ಕಡಲತಡಿ_ಉಡುಪಿ

ಇದಕ್ಕೆ ಸೇರಿಸಬೇಕಾದದ್ದು ಲೆಮೆತ್ರ್. ಬೆಲ್ಜಿಯಂನ ಕಥೊಲಿಕ ಗುರು (ಪಾದ್ರಿ) ಜಾರ್ಜ್ ಲೆಮೆತ್ರ್, ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿ ಪರಮಾಣುವಿನಿಂದ ಹೊರಟಿತು ಎಂದು 1931ರಲ್ಲಿ ಬರೆದವರು. 1951ರಲ್ಲಿ ಜಗದ್ಗುರುಗಳು ಒಂದು ಭಾಷಣದಲ್ಲಿ ಈ ವಾದವನ್ನು ಸೃಷ್ಟಿಗೆ ಸಾಕ್ಷಿಯಂತೆ ಬಳಸಿದಾಗ ಲೆಮೆತ್ರ್ ಅವರಿಗೆ ಅದು ಸರಿ ಕಾಣಲಿಲ್ಲ. ಸಿದ್ಧಾಂತ ನಾಳೆ ತಿದ್ದುಪಡಿಯಾದರೆ ವಿಶ್ವಾಸವನ್ನೂ ತಿದ್ದುವುದೇ? "ಬೆಳಕಾಗಲಿ ಅಂದದ್ದೇ ಮಹಾಸ್ಫೋಟ" ಎಂಬ ಫಾರ್ವರ್ಡ್ ಸಂದೇಶ ಹಂಚುವವರಿಗೆ ಇದನ್ನು ತಿಳಿಸಿ.

ಸಿಸ್ಟರ್_ಚಿಕ್ಕಮಗಳೂರು

ಫಾರ್ವರ್ಡ್ ಅಂದಾಗ ನೆನಪಾಯಿತು. ಯೆಹೋಶುವ 10ರಲ್ಲಿ ಸೂರ್ಯ ನಿಂತ ದಿನವನ್ನು ನಾಸಾ ಕಂಪ್ಯೂಟರ್ ಪತ್ತೆಹಚ್ಚಿತು ಅನ್ನುವುದನ್ನು ಮಕ್ಕಳು ಖಂಡಿತ ತರುತ್ತಾರೆ.

ಶಿಲಾಪುಟ

ಸುಳ್ಳು, ಅಮೆರಿಕದಲ್ಲಿ ದಶಕಗಳ ಹಿಂದೆಯೇ ಹಬ್ಬಿದ ಕಥೆ. ನಾಸಾ ಅದನ್ನು ಅಲ್ಲಗಳೆದಿದೆ. ಸುಳ್ಳು ಅನ್ನುವುದಕ್ಕಿಂತ ಯಾಕೆ ಸಾಧ್ಯವೇ ಇಲ್ಲ ಎಂದು ತೋರಿಸಿ. ಗ್ರಹಗಳ ಸ್ಥಾನವನ್ನು ಇಂದಿನಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ಆದರೆ ನಡುವೆ ಒಂದು ದಿನ ಕಳೆದಿದೆ ಎಂದು ತಿಳಿಯಲು ಆ ಘಟನೆಗೂ ಮುಂಚಿನ, ದಿನಾಂಕ ಸಮೇತ ದಾಖಲಾದ ವೀಕ್ಷಣೆ ಬೇಕು. ಅದಿಲ್ಲದೆ ಕಂಪ್ಯೂಟರ್ ಯಾವುದಕ್ಕೆ ಹೋಲಿಸೀತು? ನಂಬಿಕೆಯ ಪರವಾಗಿದೆ ಎಂದು ಸುಳ್ಳನ್ನು ಹಂಚಬಾರದು.

ಇದೇ ಅಧ್ಯಾಯ ಗೆಲಿಲಿಯೋ ಪ್ರಕರಣದ ನಡುವೆ ಇತ್ತು. ಪವಿತ್ರಾತ್ಮ ಕಲಿಸುವುದು ಪರಲೋಕಕ್ಕೆ ಹೋಗುವ ಬಗೆಯನ್ನು, ಆಕಾಶ ತಿರುಗುವ ಬಗೆಯನ್ನಲ್ಲ ಎಂಬ ಒಬ್ಬ ಕಾರ್ಡಿನಲರ ಮಾತನ್ನು ಅವನು 1615ರ ತನ್ನ ಪತ್ರದಲ್ಲಿ ಎತ್ತಿಕೊಂಡ. 1633ರಲ್ಲಿ ಶಿಕ್ಷೆಯಾಯಿತು. ಇಂದು ಯೆಹೋಶುವ 10 ಓದಿ ಭೂಮಿ ತಿರುಗುವುದಿಲ್ಲ ಎನ್ನುವವರು ಬಹುತೇಕ ಇಲ್ಲ. ಅಂದರೆ ಈ ಬಗೆಯ ಓದನ್ನು ಸಭೆಗಳು ಆಗಲೇ ಒಂದು ಸಲ ಒಪ್ಪಿಕೊಂಡಿವೆ.

ಬೆರೋಯದ_ಓದುಗ

ಪ್ರಳಯ? ಎಲ್ಲ ಪದರಗಳನ್ನೂ ಅದೇ ಹಾಕಿತು ಎಂದು ಹೇಳುವವರಿದ್ದಾರೆ. ಇನ್ನೊಂದು, ರೋಮಾಪುರ 5:12 ಮರಣ ಆದಾಮನ ಪಾಪದಿಂದ ಬಂತು ಎನ್ನುತ್ತದೆ. ಕೋಟಿ ವರ್ಷ ಪ್ರಾಣಿಗಳು ಸಾಯುತ್ತಿದ್ದವೆಂದರೆ ಸುವಾರ್ತೆಗೇ ಧಕ್ಕೆ ಅಲ್ಲವೇ?

ಶಿಲಾಪುಟ

ಪದರಗಳ ಬಗ್ಗೆ. ಕೇಂಬ್ರಿಡ್ಜಿನ ಆಡಮ್ ಸೆಜ್ವಿಕ್ ಆಂಗ್ಲಿಕನ್ ಪಾದ್ರಿ, ಭೂವಿಜ್ಞಾನಿ. ಮೇಲ್ಮಣ್ಣಿನ ಜಲ್ಲಿಯೆಲ್ಲ ನೋಹನ ಪ್ರಳಯದ್ದೆಂದು ಕಲಿಸುತ್ತಿದ್ದವರು, 1831ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷ ಪೀಠದಿಂದ ಆ ವಾದವನ್ನು ಹಿಂತೆಗೆದುಕೊಂಡರು. ಜಲ್ಲಿ ಬೇರೆ ಬೇರೆ ಕಾಲದ್ದೆಂದು ಕಲ್ಲೇ ತೋರಿಸಿತ್ತು. ನಮ್ಮಲ್ಲಿ ನೋಡಬೇಕಾದರೆ ದಖ್ಖನ್ನಿನ ಕಪ್ಪು ಕಲ್ಲಿದೆ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ. ಸುಮಾರು 6.6 ಕೋಟಿ ವರ್ಷದ ಲಾವಾ ಹಾಸುಗಳು, ಒಂದರ ಮೇಲೊಂದು. ಕೆಲವು ಹಾಸುಗಳ ನಡುವೆ ಕೆಂಪು ಮಣ್ಣಿನ ಪಟ್ಟೆ ಇದೆ. ಲಾವಾ ತಣ್ಣಗಾಗಿ, ಗಾಳಿ ಮಳೆಗೆ ಶಿಥಿಲವಾಗಿ, ಮಣ್ಣಾಗಿ, ಆಮೇಲೆ ಮುಂದಿನ ಲಾವಾ ಅದನ್ನು ಸುಟ್ಟು ಮುಚ್ಚಿದೆ. ಮೇಲೆ ನೀರು ನಿಂತಿರುವ ಒಂದೇ ವರ್ಷದಲ್ಲಿ ಇದು ಇಷ್ಟು ಸಲ ಆಗಲಾರದು. ನೀರಿನಡಿ ಲಾವಾ ಉಕ್ಕಿದರೆ ರೂಪವೇ ಬೇರೆ, ದಿಂಬು ಪೇರಿಸಿದಂತೆ ದುಂಡಗೆ ಗಟ್ಟಿಯಾಗುತ್ತದೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ಅದನ್ನು ಕಣ್ಣಾರೆ ನೋಡಬಹುದು, ಅದೂ ಸಂರಕ್ಷಿತ ಸ್ಮಾರಕವೇ.

ವಂಶಾವಳಿ

ಪ್ರಳಯದ ಕಥೆಯನ್ನು ನೆರೆಯ ಕಥೆಗಳ ಪಕ್ಕದಲ್ಲಿಟ್ಟು ಓದಿಸಿ. 1872ರಲ್ಲಿ ಜಾರ್ಜ್ ಸ್ಮಿತ್ ಬ್ರಿಟಿಷ್ ಮ್ಯೂಸಿಯಂನ ಜೇಡಿ ಹಲಗೆಯಲ್ಲಿ ನಾವೆ, ಹಕ್ಕಿ ಬಿಡುವುದು, ಬೆಟ್ಟದ ಮೇಲೆ ನಿಲ್ಲುವುದು ಎಲ್ಲವನ್ನೂ ಓದಿದ. ಬಾಬಿಲೋನಿನವರ ಅತ್ರಹಾಸಿಸ್ ಕಥೆಯಲ್ಲಿ ಮನುಷ್ಯರ ಗದ್ದಲದಿಂದ ನಿದ್ದೆ ಕೆಟ್ಟು ದೇವತೆ ಪ್ರಳಯ ಕಳಿಸುತ್ತಾನೆ. ಆದಿಕಾಂಡ 6:11ರಲ್ಲಿ ಕಾರಣ ಭೂಮಿ ತುಂಬಿದ ಹಿಂಸೆ. ಒಂದೇ ನೆನಪನ್ನು ಇಸ್ರಾಯೇಲ್ ಬೇರೆಯೇ ದೇವರ ಮುಂದೆ ನಿಂತು ಹೇಳಿತು. ಯೂಫ್ರಟಿಸ್ ಬಯಲಿನ ಯಾವುದೋ ಒಂದು ನೆರೆ ಇದರ ಹಿಂದಿರಬಹುದು. ಆದರೆ ಊರ್, ಶುರುಪ್ಪಾಕ್, ಕಿಶ್ ಊರುಗಳಲ್ಲಿ ಅಗೆದಾಗ ಸಿಕ್ಕ ಮೆಕ್ಕಲು ಪದರಗಳು ಒಂದೇ ಕಾಲದವಲ್ಲ, "ಇದೇ ಅದು" ಎಂದು ಬೆರಳಿಟ್ಟು ತೋರಿಸಬೇಡಿ.

ಮರಣದ ಪ್ರಶ್ನೆ ಭಾರವಾದದ್ದು ಬ್ರದರ್, ತಳ್ಳಿಹಾಕುವುದಿಲ್ಲ. ರೋಮಾಪುರ 5:12 ಹೇಳುವುದು ಮರಣ ಎಲ್ಲ ಮನುಷ್ಯರಲ್ಲಿ ವ್ಯಾಪಿಸಿತು ಎಂದು, ಪ್ರಾಣಿಗಳ ಮಾತು ಅಲ್ಲಿಲ್ಲ. ಕೀರ್ತನೆ 104:21ರಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸಿ ದೇವರಿಂದ ಆಹಾರ ಕೇಳುತ್ತವೆ, ಅದು ಸೃಷ್ಟಿಯ ಸ್ತುತಿಗೀತೆಯೊಳಗೇ ಇದೆ. ಯೋಬ 38:39-41ರಲ್ಲಿ ಅದೇ ದೇವರ ಬಾಯಿಂದಲೇ ಬರುತ್ತದೆ. ಪ್ರಾಣಿಯ ಮರಣವನ್ನು ಶಾಪವೆಂದು ಬೈಬಲ್ ಎಲ್ಲಿಯೂ ನೇರವಾಗಿ ಹೇಳುವುದಿಲ್ಲ.

ಆದಾಮ ಒಬ್ಬನೇ ವ್ಯಕ್ತಿಯೇ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಇಂದಿನ ಮಾನವರ ವಂಶವಾಹಿಗಳ ವೈವಿಧ್ಯ ಇಬ್ಬರಿಂದಲ್ಲ, ಸಾವಿರಾರು ಜನರ ಪೂರ್ವಜ ಗುಂಪಿನಿಂದ ಬಂದದ್ದೆಂದು ತಳಿವಿಜ್ಞಾನ ಹೇಳುತ್ತದೆ. ಆ ಗುಂಪಿನಿಂದ ದೇವರು ಕರೆದು ಪ್ರತಿನಿಧಿಯಾಗಿ ನಿಲ್ಲಿಸಿದವನು ಆದಾಮ ಎಂದು ಕೆಲವರು, ಇಡೀ ಮನುಕುಲದ ಚಿತ್ರ ಎಂದು ಕೆಲವರು. ಕಥೊಲಿಕ ಬೋಧನೆ ಒಂದೇ ಮೂಲದ ಕಡೆಗೆ ವಾಲುತ್ತದೆ. ಇಲ್ಲಿ ಸಭೆಯಲ್ಲಿ ಒಮ್ಮತವಿಲ್ಲ, ಇದೆ ಎಂದು ಹೇಳಬೇಡಿ.

ಯುವಜನಕೂಟ_ಹಾಸನ

ಎಲ್ಲರಿಗೂ ಕೃತಜ್ಞತೆ. ನಾಲ್ಕು ವಾರಕ್ಕೆ ಹೀಗೆ ಹಂಚಿದ್ದೇವೆ, ನೋಡಿ ಹೇಳಿ. ಮೊದಲನೇ ವಾರ ಆದಿಕಾಂಡ 5ರ ಕೂಡುವ ಲೆಕ್ಕ, ಮೂರು ಪಾಠ, ಮತ್ತಾಯ 1. ಎರಡನೇ ವಾರ ಆದಿಕಾಂಡ 1ರ ಎರಡು ಸಾಲು, ಅಗಸ್ಟೀನ, ಕಾಲ್ವಿನ್. ಮೂರನೇ ವಾರ ಜಿರ್ಕಾನ್ ಲೆಕ್ಕ, ಆಮೇಲೆ ಗೊರೂರಿಗೆ ಹೋಗಿ ಕಲ್ಲು ನೋಡುವುದು. ನಾಲ್ಕನೇ ವಾರ ಪ್ರಳಯ, ಮರಣ, ಆದಾಮ.

ವಂಶಾವಳಿ

ನಾಲ್ಕನೆಯದು ತುಂಬಾ ತುಂಬಿಹೋಯಿತು. ಆದಾಮನ ವಿಷಯಕ್ಕೆ ಐದನೇ ಭಾನುವಾರ ಕೇಳಿ ಪಡೆಯಿರಿ, ಆಗದಿದ್ದರೆ ಪ್ರಳಯ ಮಾತ್ರ ಇಟ್ಟುಕೊಳ್ಳಿ. ಪಾಠ ಶುರುವಾಗುವ ಮೊದಲು ಸಭೆಯ ಅಯ್ಯನವರಿಗೆ (ಪಾದ್ರಿಗಳಿಗೆ) ಟಿಪ್ಪಣಿ ಪೂರ್ತಿ ತೋರಿಸಿ. ಮಗ ಮನೆಗೆ ಹೋಗಿ ಹೇಳಿದ ಅರ್ಧ ಮಾತು ಕೇಳಿ ತಂದೆತಾಯಿ ಬಂದಾಗ, ಉತ್ತರ ಹೇಳಬೇಕಾದವರು ಅಯ್ಯನವರೇ.

ಶಿಲಾಪುಟ

ಮೂರನೇ ವಾರ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ತರಲು ಹೇಳಿ. log ಒತ್ತುವವರೇ ಹೆಚ್ಚು, ಅದರಲ್ಲಿ ಉತ್ತರ 130 ಕೋಟಿ ಬರುತ್ತದೆ. ln ಒತ್ತಿದರೇ 300 ಬರುವುದು. ಗೊರೂರಿನಲ್ಲಿ ಹೊಳೆಯ ಪಾತ್ರಕ್ಕೆ ಇಳಿಸುವ ಮುನ್ನ ಅಣೆಕಟ್ಟಿನಿಂದ ನೀರು ಬಿಡುತ್ತಾರಾ ವಿಚಾರಿಸಿ, ಮಳೆಗಾಲದಲ್ಲಿ ಬೇಡವೇ ಬೇಡ. ಕಲ್ಲಿನಲ್ಲಿ ಬಿಳಿ-ಬೂದು ಪಟ್ಟೆಗಳು ಮಡಿಕೆ ಬಿದ್ದಿರುವುದನ್ನು ನೋಡಲು ಬೆಳಗಿನ ಓರೆ ಬಿಸಿಲು ಒಳ್ಳೆಯದು. ಒಂದು ಬಾಟಲಿ ನೀರು ಚೆಲ್ಲಿದರೆ ಪಟ್ಟೆ ಇನ್ನೂ ಎದ್ದು ಕಾಣುತ್ತದೆ. ಸುತ್ತಿಗೆ ತರುವುದು ಬೇಡ.

ಬೆರೋಯದ_ಓದುಗ

ಆರು ದಿನದ ನನ್ನ ಓದನ್ನು ನಾನು ಬಿಟ್ಟಿಲ್ಲ. ಆದರೆ ಶಾಖದ ಲೆಕ್ಕಕ್ಕೂ ಧರ್ಮೋಪದೇಶಕಾಂಡ 5:15ಕ್ಕೂ ನನ್ನ ಬಳಿ ಈಗ ಉತ್ತರವಿಲ್ಲ. ಮೆತೂಷೆಲಹನ ಮೂರು ಪಾಠದ ಪಟ್ಟಿಯನ್ನು ಯಾರಾದರೂ ಒಂದೇ ಹಾಳೆಗೆ ಬರುವಂತೆ ಟೈಪ್ ಮಾಡಿ ಹಾಕಿದರೆ ನಮ್ಮ ಸಭೆಯ ಬೈಬಲ್ ಸ್ಟಡಿಯಲ್ಲೂ ಇಟ್ಟು ನೋಡುತ್ತೇವೆ.